ಮನೆಯ ಸೂರಿನ ಕಲ್ನಾರು ಮತ್ತು ಶ್ವಾಸಕೋಶದ ಆರೋಗ್ಯ



ಮೃಗಶಿರಾ ಮಳೆ ಬರುವ ಮುನ್ನ ಮನೆಯ ಮಾಡು ಭದ್ರಪಡಿಸಿಕೊಳ್ಳುವುದು ನಮ್ಮ ಸೀಮೆಯ ಹಳೆಯ ರೂಢಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಈ ದಿನಗಳಲ್ಲಿ ಯಾವ ಓಣಿಗೆ ಹೋದರೂ ಈ ಕೆಲಸ ನಡೆದಿರುವುದು ಕಾಣುತ್ತದೆ. ಮಂಗಗಳು ಜಿಗಿದು ಒಡೆದ ಸಿಮೆಂಟ್ ಶೀಟನ್ನು ಒಬ್ಬರು ಕೆಳಗಿಳಿಸುತ್ತಿರುತ್ತಾರೆ. ಇನ್ನೊಬ್ಬರು ಹೊಸ ಶೀಟನ್ನು ಅಳತೆಗೆ ತಕ್ಕಂತೆ ಕಟಿಂಗ್ ಮಷಿನ್ನಿನಿಂದ ಕತ್ತರಿಸುತ್ತಿರುತ್ತಾರೆ. ಬಿಳಿಯ ಧೂಳು ಮೋಡದಂತೆ ಏಳುತ್ತದೆ. ಮನೆಯ ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಸಂಜೆ ತಾಯಿಯು ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತಾಳೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ.

ವೈದ್ಯನ ದೃಷ್ಟಿಯಲ್ಲಿ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಧೂಳಿನ ಲೆಕ್ಕ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ನಂತರ ಮುಂದೆ ಬಂದು ನಿಲ್ಲುತ್ತದೆ. ಆ ವಿಷಯವನ್ನು ಈ ಸಂಚಿಕೆಯಲ್ಲಿ ತಮ್ಮ ಗಮನಕ್ಕೆ ತರಬಯಸುತ್ತೇನೆ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಹಲವು ವರ್ಷಗಳ ಹಿಂದೆ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಅರವತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನಲ್ಲಿಗೆ ಬಂದರು. ಒಣ ಕೆಮ್ಮು, ಎದೆಯ ಬಲಭಾಗದಲ್ಲಿ ಹಿಡಿದಂತಹ ನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ನಾಡಿ ನೋಡಿದೆ, ನಾಲಿಗೆ ನೋಡಿದೆ. ಆಹಾರ, ನಿದ್ರೆ, ಮಲಪ್ರವೃತ್ತಿ ವಿಚಾರಿಸಿದೆ. ಸಿತೋಪಲಾದಿ ಚೂರ್ಣ, ವಾಸಾವಲೇಹ, ಕಷಾಯ ಕೊಟ್ಟೆ. ಕೆಮ್ಮು ಸ್ವಲ್ಪ ತಗ್ಗುವುದು, ಮತ್ತೆ ಏರುವುದು. ಹೀಗೆ ಮೂರು ತಿಂಗಳು ಕಳೆದವು. ಕೊನೆಗೆ ಎದೆಯಲ್ಲಿ ನೀರು ತುಂಬಿದಾಗ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿಯ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ತಾವು ಹರೆಯದಲ್ಲಿ ಏನು ಕೆಲಸ ಮಾಡುತ್ತಿದ್ದಿರಿ?”

ಅವರು ತಮ್ಮ ಯೌವನದ ಹನ್ನೆರಡು ವರ್ಷಗಳನ್ನು ಊರೂರು ತಿರುಗಿ ಶೆಡ್ಡುಗಳಿಗೆ ಸಿಮೆಂಟ್ ಶೀಟು ಕತ್ತರಿಸಿ, ತೂತು ಕೊರೆದು, ಹೊದಿಸುವ ಕೆಲಸದಲ್ಲಿ ಕಳೆದಿದ್ದರು. ಆ ಕೆಲಸ ಬಿಟ್ಟು ಮೂವತ್ತು ವರ್ಷಗಳಾಗಿದ್ದವು. ಊರಿಗೆ ಮರಳಿ ತೊಗರಿ ಬೆಳೆಯುತ್ತಿದ್ದರು. ಹಾಗಾಗಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಎಂದು ತಿಳಿದುಬಂದಿತು. ಒಂದು ವರ್ಷದೊಳಗೆ ಅವರು ಲಿಂಗೈಕ್ಯರಾದರು.

ಮೂರು ತಿಂಗಳು ಮೊದಲೇ ತಿಳಿದಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ; ಆ ರೋಗ ಅಷ್ಟು ಕಠಿಣ. ಆದರೆ ಒಂದು ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು. ಕಾಯಕಕ್ಕೆ ಇಷ್ಟು ದೊಡ್ಡ ಸ್ಥಾನ ಕೊಟ್ಟ ಪರಂಪರೆಯಲ್ಲಿ ಹುಟ್ಟಿದ ವೈದ್ಯನಾಗಿದ್ದೂ ರೋಗಿಯ ಕಾಯಕವನ್ನೇ ನಾನು ವಿಚಾರಿಸಿರಲಿಲ್ಲ. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿಯೇ ಕಸುಬುದಾರರ ರೋಗಗಳ ಕುರಿತು ಗ್ರಂಥ ಬರೆದು, ರೋಗಿಯ ವೃತ್ತಿ ಯಾವುದೆಂದು ವೈದ್ಯನು ತಪ್ಪದೆ ಕೇಳಬೇಕೆಂದು ಸೂಚಿಸಿದ್ದನು. ಅಂದಿನಿಂದ ನನ್ನ ಚಿಕಿತ್ಸಾಲಯದಲ್ಲಿ ಕೆಮ್ಮು, ದಮ್ಮಿನಿಂದ ಬಂದ ಯಾರಿಗೂ ಆ ಪ್ರಶ್ನೆಯನ್ನು ಕೇಳದೆ ಔಷಧ ಬರೆದುಕೊಟ್ಟಿಲ್ಲ.

ಕಲ್ನಾರು ಎಂದರೇನು?

ಆಸ್ಬೆಸ್ಟಾಸ್ ಎಂಬ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಅರ್ಥಪೂರ್ಣವಾದ ಹೆಸರಿದೆ. ಅದು ನೋಡಲು ಕಲ್ಲು, ಬಿಡಿಸಿದರೆ ನಾರು. ಪುಂಡಿಯ ನಾರನ್ನು ಸೀಳಿದಂತೆ ಅದನ್ನು ಸೀಳುತ್ತಾ ಹೋಗಬಹುದು. ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುತ್ತವೆ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಎಳೆದರೆ ಸುಲಭವಾಗಿ ಹರಿಯದು. ಈ ಗುಣಗಳಿಂದಲೇ ಬಾಯ್ಲರುಗಳ ಹೊದಿಕೆ, ವಾಹನದ ಬ್ರೇಕು, ಬೆಂಕಿ ತಡೆಯುವ ಬಟ್ಟೆ, ನೀರಿನ ಕೊಳವೆ, ಮನೆಯ ಶೀಟು ಮುಂತಾದ ನೂರಾರು ವಸ್ತುಗಳಲ್ಲಿ ಅದನ್ನು ಬಳಸಿದರು. ಬಿಳಿ, ಕಂದು, ನೀಲಿ ಎಂದು ಅದರ ಮುಖ್ಯ ಜಾತಿಗಳಿವೆ. ನಮ್ಮ ಶೀಟುಗಳಲ್ಲಿ ಇರುವುದು ಬಿಳಿಯ ಜಾತಿ. ಶೀಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಅದು. ಮಿಕ್ಕದ್ದು ಬಹುಪಾಲು ಸಿಮೆಂಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ನಮ್ಮ ಶಹಾಬಾದ ಫರಸಿ ಕಲ್ನಾರು ಅಲ್ಲ. ಅದು ಪದರ ಪದರವಾಗಿ ಏಳುವ ಸುಣ್ಣಕಲ್ಲು. ಅದೇ ಸುಣ್ಣಕಲ್ಲಿನ ಬಲದಿಂದ ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಫರಸಿ ಹಾಸಿದ ನೆಲದಿಂದಾಗಲಿ, ಫರಸಿ ಹೊದಿಸಿದ ಮಾಳಿಗೆಯಿಂದಾಗಲಿ ಭಯವಿಲ್ಲ. ಆದರೆ ಕಲ್ಲು ಕೊಯ್ಯುವಾಗ, ಉಜ್ಜಿ ನಯಗೊಳಿಸುವಾಗ ಏಳುವ ಧೂಳು ಬೇರೆಯೇ ಮಾತು. ಕಲ್ಲಿನ ಧೂಳಿನಲ್ಲಿ ಸಿಲಿಕಾ ಎಂಬ ಅಂಶವಿದ್ದಷ್ಟೂ ಅಪಾಯ ಹೆಚ್ಚು. ಅದು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ, ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಸಿಮೆಂಟಿನ ಧೂಳು ಶ್ವಾಸನಾಳಗಳನ್ನು ಕೆರಳಿಸಿ ದೀರ್ಘಕಾಲದ ಕೆಮ್ಮು ತರುತ್ತದೆ. ಹೀಗೆ ಧೂಳು ಬೇರೆ ಬೇರೆ, ರೋಗವೂ ಬೇರೆ ಬೇರೆ. ನಮ್ಮ ಸೀಮೆಯಲ್ಲಿ ಒಬ್ಬನೇ ವ್ಯಕ್ತಿ ಹತ್ತು ವರ್ಷ ಗಣಿಯಲ್ಲಿ, ಹತ್ತು ವರ್ಷ ಕಾರ್ಖಾನೆಯಲ್ಲಿ, ಐದು ವರ್ಷ ಶೀಟು ಹೊದಿಸುವುದರಲ್ಲಿ ದುಡಿದಿರುವುದುಂಟು. ಆದ್ದರಿಂದ ವೈದ್ಯರಿಗೆ ಈಗಿನ ಕೆಲಸವನ್ನಷ್ಟೇ ಹೇಳಿದರೆ ಸಾಲದು. ಎಲ್ಲ ಕಾಯಕಗಳನ್ನೂ ಕ್ರಮವಾಗಿ ಹೇಳಬೇಕು.

ದೇಹದೊಳಗೆ ಅದು ಮಾಡುವುದೇನು?

ಚರಕ ಸಂಹಿತೆಯು ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳು ಮತ್ತು ಹೊಗೆಯನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ಸಾಮಾನ್ಯ ಧೂಳನ್ನು ನಮ್ಮ ಶರೀರ ಬಹುಮಟ್ಟಿಗೆ ಹೊರಹಾಕುತ್ತದೆ. ಮೂಗಿನ ಕೂದಲು ತಡೆಯುತ್ತದೆ, ಕಫ ಹಿಡಿದಿಡುತ್ತದೆ, ಕೆಮ್ಮು ಹೊರದೂಡುತ್ತದೆ. ಕಲ್ನಾರಿನ ಸೂಕ್ಷ್ಮ ಎಳೆ ಈ ಕಾವಲುಗಳನ್ನೆಲ್ಲ ದಾಟಿ ಶ್ವಾಸಕೋಶದ ಅತ್ಯಂತ ಒಳಗಿನ ಗಾಳಿಗೂಡುಗಳನ್ನು ಸೇರುತ್ತದೆ.

ಅಲ್ಲಿ ಕಸವನ್ನು ನುಂಗಿ ಶುಚಿಮಾಡುವ ಜೀವಕೋಶಗಳಿವೆ. ಅವು ಈ ಎಳೆಯನ್ನೂ ನುಂಗಲು ಹೋಗುತ್ತವೆ. ಆದರೆ ಎಷ್ಟೋ ಎಳೆಗಳು ಆ ಜೀವಕೋಶಕ್ಕಿಂತ ಉದ್ದವಾಗಿರುತ್ತವೆ. ನುಂಗಲಾರದೆ, ಉಗುಳಲಾರದೆ ಜೀವಕೋಶವು ತನ್ನೊಳಗಿನ ದಾಹಕ ದ್ರವ್ಯಗಳನ್ನು ಸುತ್ತಲೂ ಚೆಲ್ಲಿ ಸಾಯುತ್ತದೆ. ಮತ್ತೊಂದು ಬರುತ್ತದೆ, ಅದೂ ಹಾಗೆಯೇ. ವರ್ಷಗಟ್ಟಲೆ ನಡೆಯುವ ಈ ಉರಿಯೂತದಿಂದ ಒಂದೆಡೆ ಶ್ವಾಸಕೋಶದ ಮೃದು ಭಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಇನ್ನೊಂದೆಡೆ ಜೀವಕೋಶಗಳ ವಂಶವಾಹಿಗೆ ಪೆಟ್ಟು ಬಿದ್ದು ಕ್ಯಾನ್ಸರಿನ ಬೀಜ ಮೊಳೆಯುತ್ತದೆ. ಸುಶ್ರುತರು ಶರೀರವನ್ನು ಹೊಕ್ಕು ಬಾಧಿಸುವ ಪರವಸ್ತುವನ್ನು ಶಲ್ಯ ಎಂದು ಕರೆದರು. ಕಲ್ನಾರಿನ ಎಳೆಯೂ ಒಂದು ಶಲ್ಯವೇ. ಆದರೆ ಯಾವ ಶಸ್ತ್ರವೈದ್ಯನೂ ಕಿತ್ತು ತೆಗೆಯಲಾಗದ ಶಲ್ಯ.

ಇದರಿಂದ ಬರುವ ರೋಗಗಳು ಮುಖ್ಯವಾಗಿ ಮೂರು. ಮೊದಲನೆಯದು ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಮೂರನೆಯದು ಶ್ವಾಸಕೋಶವನ್ನು ಅಥವಾ ಉದರವನ್ನು ಒಳಗಿನಿಂದ ಆವರಿಸಿರುವ ತೆಳುಪೊರೆಯ ಕ್ಯಾನ್ಸರಾದ ಮೆಸೊಥೆಲಿಯೋಮಾ. ಇವಲ್ಲದೆ ಧ್ವನಿಪೆಟ್ಟಿಗೆಯ ಮತ್ತು ಸ್ತ್ರೀಯರ ಅಂಡಾಶಯದ ಕ್ಯಾನ್ಸರಿಗೂ ಇದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿರ್ಣಯಿಸಿದೆ. ಬಿಳಿ ಜಾತಿಯೂ ಸೇರಿದಂತೆ ಕಲ್ನಾರಿನ ಎಲ್ಲ ಜಾತಿಗಳೂ ನಿಶ್ಚಿತವಾಗಿ ಕ್ಯಾನ್ಸರ್‌ಕಾರಕ ಎಂಬುದೇ ಅದರ ತೀರ್ಮಾನ.

ಜಗತ್ತು ಕಲಿತ ಪಾಠ

ಈ ಜ್ಞಾನ ನಿನ್ನೆ ಮೊನ್ನೆಯದಲ್ಲ. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಲ್ನಾರು ನೂಲುವ ಕಾರ್ಖಾನೆಯ ಕಾರ್ಮಿಕಳಾದ ನೆಲ್ಲಿ ಕರ್ಶಾ ಎಂಬ ತರುಣಿ ತೀರಿಕೊಂಡಾಗ, ಆಕೆಯ ಶ್ವಾಸಕೋಶದಲ್ಲಿ ಈ ಎಳೆಗಳು ಕಂಡುಬಂದವು. 1955ರಲ್ಲಿ ರಿಚರ್ಡ್ ಡಾಲ್ ಎಂಬ ವಿಜ್ಞಾನಿ ಕಲ್ನಾರು ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಲೆಕ್ಕ ಸಹಿತ ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ ಕಳವಳಕಾರಿಯಾದ ವರದಿ ಬಂದಿತು. ನೀಲಿ ಕಲ್ನಾರಿನ ಗಣಿಗಳ ಸೀಮೆಯಲ್ಲಿ ಹೊರಪೊರೆಯ ಕ್ಯಾನ್ಸರ್ ಆದ 33 ಜನರನ್ನು ವ್ಯಾಗ್ನರ್ ಮತ್ತು ಸಂಗಡಿಗರು ಗುರುತಿಸಿದ್ದರು. ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಅಲ್ಲ. ಬಾಲ್ಯದಲ್ಲಿ ಗಣಿಯ ಸಮೀಪ ವಾಸಿಸಿದ್ದವರು.

ಇಂದು ಐವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ವೃತ್ತಿಯಲ್ಲಿ ಈ ಧೂಳಿಗೆ ಒಡ್ಡಿಕೊಂಡವರಲ್ಲಿ ಪ್ರತಿವರ್ಷ 2 ಲಕ್ಷಕ್ಕೂ ಅಧಿಕ ಜನರು ಮರಣ ಹೊಂದುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಮ್ಮ ದೇಶದಲ್ಲಿ ಕಲ್ನಾರಿನ ಗಣಿಗಾರಿಕೆ ನಿಂತಿದೆ. ಆದರೆ ಬಿಳಿ ಕಲ್ನಾರನ್ನು ಹೊರದೇಶಗಳಿಂದ ತರಿಸಿ ಶೀಟು ತಯಾರಿಸುವುದು ನಿಂತಿಲ್ಲ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮಹತ್ವದ ತೀರ್ಪಿತ್ತು, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸ ಆರಂಭವಾದಾಗಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವುಗಳಲ್ಲಿ ಯಾವುದು ಮುಂದಿನದೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಈ ಅಂಕಿಗಳು ಸುಮ್ಮನೆ ಬಂದವಲ್ಲ. ರೋಗವು ಅಷ್ಟು ದೀರ್ಘಕಾಲ ಅಡಗಿರುತ್ತದೆ ಎಂಬ ವೈದ್ಯಶಾಸ್ತ್ರದ ಸತ್ಯವನ್ನು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ಹಳ್ಳಿಯಿಂದ ಹಳ್ಳಿಗೆ ಹೋಗಿ ಶೀಟು ಹೊದಿಸುವ ನಮ್ಮ ಬಡ ಕಾರ್ಮಿಕನ ದಾಖಲೆ ಯಾವ ಕಾರ್ಖಾನೆಯಲ್ಲಿಯೂ ಇರುವುದಿಲ್ಲ. ಅವನ ನೆನಪೇ ಅವನ ದಾಖಲೆ.

ಭಯ ಎಷ್ಟು, ಯಾರಿಗೆ?

ಇದನ್ನು ಓದಿ ತಮ್ಮ ತಲೆಯ ಮೇಲಿನ ಸೂರನ್ನು ನೋಡಿ ಯಾರೂ ಗಾಬರಿಯಾಗಬಾರದು. ಒಡೆಯದೆ, ಸವೆಯದೆ ಭದ್ರವಾಗಿರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿತವಾಗಿರುತ್ತವೆ. ಅಂತಹ ಸೂರಿನ ಕೆಳಗೆ ವಾಸಿಸುವವರಿಗೆ ಅಪಾಯ ಬಹಳ ಕಡಿಮೆ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ, ತಂತಿಯ ಬ್ರಷ್ಷಿನಿಂದ ಉಜ್ಜಿದಾಗ, ಒಣಗಿದ ಧೂಳನ್ನು ಗುಡಿಸಿದಾಗ ಆ ಬಂಧನ ಬಿಡುತ್ತದೆ. ದಶಕಗಳ ಮಳೆ ಬಿಸಿಲಿಗೆ ಮೇಲ್ಮೈ ಹುಡಿಯಾಗುವ ಹಳೆಯ ಶೀಟಿನಿಂದಲೂ ಎಳೆಗಳು ಹೊರಬೀಳುತ್ತವೆ.

ಆದ್ದರಿಂದ ಹೆಚ್ಚಿನ ಅಪಾಯ ಶೀಟು ಕತ್ತರಿಸುವ, ಹೊದಿಸುವ ಕಾರ್ಮಿಕರಿಗೆ. ಹಳೆಯ ಗೋದಾಮು, ಶೆಡ್ಡುಗಳನ್ನು ಕೆಡವುವವರಿಗೆ. ಒಡೆದ ಶೀಟು ಸಾಗಿಸುವ ಗುಜರಿಯವರಿಗೆ. ಹಳೆಯ ಬಾಯ್ಲರು, ಕುಲುಮೆಗಳ ಹೊದಿಕೆ ಕಿತ್ತು ದುರಸ್ತಿ ಮಾಡಿದವರಿಗೆ. ಇವರ ಮನೆಯವರನ್ನೂ ಮರೆಯಬಾರದು. ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಹೆಂಡತಿಯರಿಗೆ ಮೆಸೊಥೆಲಿಯೋಮಾ ಬಂದ ಉದಾಹರಣೆಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ.

ಕಲ್ನಾರು ಸಿಮೆಂಟಿನ ಹಳೆಯ ಕೊಳವೆಯಲ್ಲಿ ಬರುವ ನೀರು ಕುಡಿದರೆ ಕ್ಯಾನ್ಸರ್ ಬರುವುದೇ ಎಂದು ಕೆಲವರು ಕೇಳುತ್ತಾರೆ. ನೀರಿನ ಮೂಲಕ ಹೊಟ್ಟೆ ಸೇರಿದ ಎಳೆಗಳಿಂದ ಕ್ಯಾನ್ಸರ್ ಉಂಟಾಗುತ್ತದೆ ಎನ್ನಲು ದೃಢವಾದ ಆಧಾರ ದೊರೆತಿಲ್ಲ. ಭಯವಿರುವುದು ಮುಖ್ಯವಾಗಿ ಉಸಿರಿನ ಮಾರ್ಗದಲ್ಲಿ.

ಇನ್ನು ಬೀಡಿ, ಸಿಗರೇಟಿನ ಮಾತು. ಅಮೆರಿಕದ ಕಲ್ನಾರು ಕಾರ್ಮಿಕರ ಪ್ರಸಿದ್ಧ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ಎರಡರ ಸೋಂಕೂ ಇಲ್ಲದವರಿಗೆ ಹೋಲಿಸಿದರೆ, ಕಲ್ನಾರಿನಲ್ಲಿ ದುಡಿದರೂ ಧೂಮಪಾನ ಮಾಡದವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಧೂಮಪಾನ ಮಾತ್ರ ಮಾಡಿದವರಲ್ಲಿ ಸುಮಾರು 11 ಪಟ್ಟು, ಎರಡೂ ಕೂಡಿದವರಲ್ಲಿ 50 ಪಟ್ಟಿಗೂ ಅಧಿಕ ಎಂದು ಅದು ತೋರಿಸಿತು. ಉಸಿರಿನೊಡನೆ ಒಳಹೋದ ಎಳೆಯನ್ನು ಹೊರತೆಗೆಯಲು ನಮ್ಮಿಂದಾಗದು. ಕೈಯಲ್ಲಿರುವ ಬೀಡಿಯನ್ನು ಬಿಸಾಡಲು ಆಗುತ್ತದೆ. ಶೀಟಿನ ಕೆಲಸ ಮಾಡಿದವರಿಗೆ ಇದಕ್ಕಿಂತ ದೊಡ್ಡ ಔಷಧವನ್ನು ನಾನು ಹೇಳಲಾರೆ. ಆದರೆ ಮೆಸೊಥೆಲಿಯೋಮಾಕ್ಕೆ ಧೂಮಪಾನದ ಸಂಬಂಧವಿಲ್ಲ. ಬೀಡಿ ಮುಟ್ಟದವರಿಗೂ ಅದು ಬರಬಹುದು.

ಆಯುರ್ವೇದ ಹೇಳುವುದೇನು?

ಶ್ವಾಸಕೋಶವನ್ನು ಶುದ್ಧಿಮಾಡಿ ಧೂಳನ್ನೆಲ್ಲ ಹೊರಹಾಕುತ್ತೇವೆ ಎಂದು ಹೇಳಿ ಚೂರ್ಣ, ಕಷಾಯ ಮಾರುವವರು ಸಂತೆಯಲ್ಲಿಯೂ ಇದ್ದಾರೆ, ಮೊಬೈಲಿನಲ್ಲಿಯೂ ಇದ್ದಾರೆ. ನಾಲ್ಕು ದಶಕ ಈ ಶಾಸ್ತ್ರವನ್ನು ನಂಬಿ ಬದುಕಿದವನಾಗಿ ಹೇಳುತ್ತೇನೆ: ಒಳಹೊಕ್ಕ ಕಲ್ನಾರನ್ನು ಕರಗಿಸುವ ಅಥವಾ ಹೊರತರುವ ಮೂಲಿಕೆ ಯಾವುದೂ ಇಲ್ಲ. ಬೆಲ್ಲ ತಿಂದರೆ ಧೂಳು ಕೆಳಗಿಳಿಯುತ್ತದೆ ಎಂಬ ಕಾರ್ಮಿಕರ ನಂಬಿಕೆಯೂ ಇಲ್ಲಿ ಕೆಲಸಕ್ಕೆ ಬಾರದು. ಆಡುಸೋಗೆ, ಜ್ಯೇಷ್ಠಮಧು ಕೆಮ್ಮಿಗೆ ಉಪಶಮನ ಕೊಡಬಹುದು. ಪ್ರಾಣಾಯಾಮದಿಂದ ಉಸಿರಾಟದ ಸ್ನಾಯುಗಳಿಗೆ ಬಲ ಬರಬಹುದು. ಅವು ರೋಗವನ್ನು ತಡೆಯುವುದಿಲ್ಲ; ಕೆಮ್ಮು ತಗ್ಗಿತೆಂದು ತಪಾಸಣೆ ಮುಂದೂಡಿದರೆ ಉಪಶಮನವೇ ಅಪಕಾರವಾಗುತ್ತದೆ. ಆ ಹಿರಿಯರ ವಿಷಯದಲ್ಲಿ ನನ್ನಿಂದ ಆದದ್ದು ಇದೇ.

ಆಯುರ್ವೇದದ ನಿಜವಾದ ಉತ್ತರ ನಿದಾನ ಪರಿವರ್ಜನ, ಎಂದರೆ ರೋಗದ ಕಾರಣವನ್ನೇ ದೂರವಿಡುವುದು. ಅದನ್ನು ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಆಚಾರ್ಯರು ಎಣಿಸಿದ್ದಾರೆ. ಕಲ್ನಾರಿನ ವಿಷಯದಲ್ಲಿ ಬಹುಮಟ್ಟಿಗೆ ಅದೇ ಏಕೈಕ ಚಿಕಿತ್ಸೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಭದ್ರವಾಗಿರುವ ಶೀಟನ್ನು ಕೆದಕಬೇಡಿ. ಹೊಸದಾಗಿ ಕಟ್ಟುವವರು ಸಾಧ್ಯವಾದರೆ ಆರ್‌ಸಿಸಿ, ಹೆಂಚು, ತಗಡು ಅಥವಾ ನಮ್ಮದೇ ಫರಸಿ ಮಾಳಿಗೆಯನ್ನು ಆರಿಸಿಕೊಳ್ಳಿ. ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ಈಗ ದೊರೆಯುತ್ತವೆ. ನೋಟದಿಂದ ಇವೆರಡನ್ನು ಬೇರ್ಪಡಿಸಲಾಗದ ಕಾರಣ ಹಳೆಯ ಶೀಟನ್ನೆಲ್ಲ ಕಲ್ನಾರಿನದೆಂದೇ ಭಾವಿಸಬೇಕು.

2. ಶೀಟು ತೆಗೆಯುವ ಮೊದಲು ಚೆನ್ನಾಗಿ ನೀರು ಸಿಂಪಡಿಸಿ; ನೀರಿಗೆ ಸ್ವಲ್ಪ ಸಾಬೂನು ಬೆರೆಸಿದರೆ ಇನ್ನೂ ಒಳ್ಳೆಯದು. ಬೋಲ್ಟುಗಳನ್ನು ಬಿಚ್ಚಿ ಶೀಟನ್ನು ಇಡಿಯಾಗಿ ಕೆಳಗಿಳಿಸಿ. ಸುತ್ತಿಗೆಯಿಂದ ಒಡೆಯುವುದಾಗಲಿ, ಮೇಲಿನಿಂದ ಎಸೆಯುವುದಾಗಲಿ ಕೂಡದು. ಶೀಟಿನ ಮೇಲೆ ಕಾಲಿಟ್ಟು ನಿಲ್ಲಬೇಡಿ. ಅದು ಮುರಿದು ಕೆಳಗೆ ಬಿದ್ದು ಪ್ರಾಣ ಕಳೆದುಕೊಳ್ಳುವುದು ಕ್ಯಾನ್ಸರಿಗಿಂತ ಹತ್ತಿರದ ಅಪಾಯ.

3. ಕತ್ತರಿಸುವುದು ಅನಿವಾರ್ಯವಾದರೆ ಕಟಿಂಗ್ ಮಷಿನ್ ಬಳಸದೆ, ಒದ್ದೆ ಮಾಡಿ, ಕೈಗರಗಸದಿಂದ, ಊರಿನ ಹೊರಗೆ ಬಯಲಿನಲ್ಲಿ ಕತ್ತರಿಸಿ. ಮಕ್ಕಳು, ಗರ್ಭಿಣಿಯರು, ನೆರೆಯವರು ದೂರವಿರಲಿ.

4. ಮುಖಕ್ಕೆ ಕಟ್ಟಿದ ಟವೆಲ್ಲು, ಸೀರೆಯ ಸೆರಗು, ತೆಳುವಾದ ಮಾಸ್ಕು ಈ ಎಳೆಗಳನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಪಿ-100 ದರ್ಜೆಯ ಫಿಲ್ಟರ್ ಇರುವ ಮಾಸ್ಕು ಬೇಕು. ಅದನ್ನು ಕೊಡಿಸುವುದು ಕೆಲಸ ಮಾಡಿಸುವವರ ಹೊಣೆ.

5. ಧೂಳನ್ನು ಒಣ ಕಸಬರಿಗೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಕೆಲಸದ ಬಟ್ಟೆಯನ್ನು ಕೊಡವದೆ ನೀರಿನಲ್ಲಿ ನೆನೆಸಿ, ಬೇರೆಯಾಗಿ ಒಗೆಯಿರಿ. ಸ್ನಾನ ಮಾಡಿದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ.

6. ಒಡೆದ ಚೂರುಗಳನ್ನು ಓಣಿಯ ರಾಡಿಗೆ ಸುರಿಯುವುದು, ಬಚ್ಚಲ ಮರೆಗೆ ನಿಲ್ಲಿಸುವುದು, ಮಕ್ಕಳ ಕುಂಟಾಬಿಲ್ಲೆ ಆಟಕ್ಕೆ ಬಿಡುವುದು ಸಲ್ಲದು. ಗಾಡಿಗಳ ಚಕ್ರಕ್ಕೆ ಸಿಕ್ಕು ಅವು ಹುಡಿಯಾಗಿ ಇಡೀ ಓಣಿಯ ಗಾಳಿ ಸೇರುತ್ತವೆ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಲ್ಲಿ ಹಾಕಬೇಕೆಂದು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯನ್ನು ಕೇಳಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಹಿಂದೆ ಎಂದಾದರೂ ಇಂತಹ ಕೆಲಸ ಮಾಡಿದವರಿಗೆ ಮೂರು ವಾರ ಮೀರಿದ ಕೆಮ್ಮು, ನಡೆದರೆ ಏರುವ ಉಬ್ಬಸ, ಎದೆಯ ಒಂದೇ ಮಗ್ಗುಲಿನ ನೋವು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬೆರಳ ತುದಿಗಳು ಉಬ್ಬಿ ದಪ್ಪವಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮೊದಲು ಕ್ಷಯದ ಪರೀಕ್ಷೆ ಆಗಲಿ. ನಮ್ಮಲ್ಲಿ ಎದೆಯಲ್ಲಿ ನೀರು ತುಂಬಲು ಕ್ಷಯವೇ ಸಾಮಾನ್ಯ ಕಾರಣ, ಮತ್ತು ಅದು ಗುಣವಾಗುವ ರೋಗ. ಕ್ಷಯದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬೇಡಿ. ಆದರೆ ಚಿಕಿತ್ಸೆಯಿಂದಲೂ ನೀರು ಮತ್ತೆ ಮತ್ತೆ ತುಂಬಿದರೆ ಸಿ.ಟಿ. ಸ್ಕ್ಯಾನ್ ಮತ್ತು ಪೊರೆಯ ತುಣುಕಿನ ಪರೀಕ್ಷೆ ಆಗಬೇಕೆಂದು ವೈದ್ಯರನ್ನು ಕೇಳಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಘಟಕವಿದೆ, ಇ.ಎಸ್.ಐ. ಕಾರ್ಡುಳ್ಳ ಕಾರ್ಮಿಕರಿಗೆ ಸೇಡಂ ರಸ್ತೆಯಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. ಆಸ್ಬೆಸ್ಟೋಸಿಸ್ ಮತ್ತು ಸಿಲಿಕೋಸಿಸ್ ಎರಡನ್ನೂ ಕಾನೂನು ವೃತ್ತಿಜನ್ಯ ರೋಗಗಳೆಂದು ಗುರುತಿಸಿದೆ. ವೃತ್ತಿಯ ವಿವರ ಆಸ್ಪತ್ರೆಯ ಕಾಗದದಲ್ಲಿ ಬರೆದಿದ್ದರೆ ಮಾತ್ರ ಪರಿಹಾರ ಕೇಳಲು ಆಧಾರ ಸಿಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಇಂದು ರಾತ್ರಿ ಪ್ರಸಾದ ಮುಗಿಸಿ ಕುಳಿತಾಗ ತಮ್ಮ ಮನೆಯ ಹಿರಿಯರನ್ನು, ಅವರು ಹರೆಯದಿಂದ ಈವರೆಗೆ ಎಲ್ಲೆಲ್ಲಿ, ಏನೇನು ಕೆಲಸ ಮಾಡಿದರೆಂದು ಕೇಳಿರಿ. ಒಂದು ಹಾಳೆಯಲ್ಲಿ ಊರು, ಕೆಲಸ, ವರ್ಷಗಳನ್ನು ಬರೆದು ಅವರ ಆರೋಗ್ಯದ ಕಾಗದಗಳ ಜೊತೆಗಿಡಿರಿ. ಮುಂದೆ ಯಾವ ವೈದ್ಯರಾದರೂ ನನ್ನಂತೆ ಕೇಳಲು ಮರೆತರೆ, ಆ ಹಾಳೆಯನ್ನು ತಾವೇ ಅವರ ಮುಂದಿಡಿರಿ.